ಔಷಧಕ್ಕೆ ಯಾವ ಅಂಟು? ಸಸ್ಯಮೂಲದ ಗೋಂದುಗಳನ್ನು ತೂಗಿ ನೋಡುವ ಬಗೆ

ಬೀಕರಿನಲ್ಲಿ ತಣ್ಣೀರು ತೆಗೆದುಕೊಂಡು ಅದಕ್ಕೆ ಒಂದು ಚಮಚ ಗ್ವಾರ್ ಗಮ್ (ಗೋರಿಕಾಯಿ ಬೀಜದ ಅಂಟು) ಪುಡಿಯನ್ನು ಒಮ್ಮೆಲೇ ಸುರಿಯಿರಿ. ಕಲಕುವಷ್ಟರಲ್ಲಿ ಗಂಟು ಕಟ್ಟಿರುತ್ತದೆ. ಗಂಟೊಂದನ್ನು ಹೊರತೆಗೆದು ಬ್ಲೇಡಿನಿಂದ ಸೀಳಿದರೆ ಹೊರಗೆ ಪಾರದರ್ಶಕ ಲೋಳೆ, ಒಳಗೆ ತೇವವೇ ತಾಗದ ಬಿಳಿ ಪುಡಿ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ದಪ್ಪ ಗಂಟನ್ನು ಸೀಳಿದರೂ ನಡುವಿನ ಪುಡಿ ಒಣಗಿಯೇ ಇರುತ್ತದೆ. ಸಿರಪ್ ತಯಾರಿಸುವವರಿಗೆ ಇದು ದೊಡ್ಡ ತಲೆನೋವು. ಹನ್ನೆರಡು ಗಂಟೆ ಕಾಲ ಔಷಧವನ್ನು ಇಷ್ಟಿಷ್ಟೇ ಬಿಡುವ ಮಾತ್ರೆ ಮಾಡುವವರಿಗೆ ಬೇಕಾದದ್ದು ಇದೇ: ಹೊರಗೆ ಲೋಳೆಯ ಗೋಡೆ, ಒಳಗೆ ಒಣ ದಾಸ್ತಾನು. ನೀರು ಮೆಲ್ಲಗೆ ಒಳಹೋಗಬೇಕು, ಔಷಧ ಮೆಲ್ಲಗೆ ಹೊರಬರಬೇಕು.

"ಯಾವ ಅಂಟು ಒಳ್ಳೆಯದು?" ಎಂದು ಕೇಳುವವರಿಗೆ ನಾನು ಮೊದಲು ತೋರಿಸುವುದು ಈ ಗಂಟನ್ನೇ. ಕೇಳುವವರಲ್ಲಿ ಎರಡು ಬಗೆಯವರಿದ್ದಾರೆ. ಸ್ನಾತಕೋತ್ತರ ಪ್ರಬಂಧಕ್ಕೆ ಅಂಟು ಹುಡುಕುತ್ತಿರುವ ಫಾರ್ಮಸಿ ವಿದ್ಯಾರ್ಥಿಗಳು ಕೆಲವರು. ಕಾರ್ಖಾನೆಯಲ್ಲಿ ರಾಸಾಯನಿಕವಾಗಿ ಬದಲಿಸಿದ (ಅರೆಸಂಶ್ಲೇಷಿತ) ಪಾಲಿಮರ್ ಬದಲು ಸಸ್ಯಮೂಲದ್ದನ್ನು ಬಳಸಿದರೆ ಹೇಗೆ ಎಂದು ಯೋಚಿಸುತ್ತಿರುವ ಸಣ್ಣ ತಯಾರಕರು ಇನ್ನು ಕೆಲವರು. ಎಲ್ಲರ ಕೈಯಲ್ಲೂ ಐದಾರು ಹೆಸರುಗಳ ಪಟ್ಟಿ ಇರುತ್ತದೆ, ಪ್ರತಿ ಹೆಸರಿನ ಮುಂದೆಯೂ ಅದೇ ವಿಶೇಷಣಗಳು: ನೈಸರ್ಗಿಕ, ನಿರಪಾಯ, ಅಗ್ಗ, ದೇಹದಲ್ಲಿ ಅಥವಾ ಮಣ್ಣಿನಲ್ಲಿ ಕರಗಿಹೋಗುವಂಥದ್ದು. ಈ ನಾಲ್ಕು ಮಾತು ಹೆಚ್ಚುಕಡಿಮೆ ಎಲ್ಲ ಅಂಟುಗಳಿಗೂ ಸಲ್ಲುವುದರಿಂದ ಆಯ್ಕೆಗೆ ಇವುಗಳಿಂದ ಸಹಾಯವಿಲ್ಲ. ಅಂಟುಗಳು ಒಂದರಿಂದ ಒಂದು ಬೇರೆಯಾಗುವುದು ನೀರಿನೊಂದಿಗೆ ನಡೆದುಕೊಳ್ಳುವ ರೀತಿಯಲ್ಲಿ. ಮತ್ತು ಈ ಸಲ ಸಿಕ್ಕ ಅಂಟೇ ಮುಂದಿನ ಸಲವೂ ಸಿಗುತ್ತದೆಯೇ ಎಂಬುದರಲ್ಲಿ.

ಮೊದಲು ಅಳತೆಗೋಲು

ನೀರಿನ ವಿಷಯಕ್ಕೆ ಬಂದರೆ ಮೂರು ನಡತೆಗಳಿವೆ. ಕೆಲವು ಅಂಟುಗಳು ಪೂರ್ತಿ ಕರಗಿ ತೆಳುವಾದ ದ್ರಾವಣವಾಗುತ್ತವೆ. ಗಮ್ ಅಕೇಶಿಯಾ ಹೀಗೆ. ಕೆಲವು ಕರಗುತ್ತ ಕರಗುತ್ತ ದಪ್ಪ ಲೋಳೆಯಾಗುತ್ತವೆ, ಗ್ವಾರ್ ಹೀಗೆ. ಇನ್ನು ಕೆಲವು ಕರಗುವುದೇ ಇಲ್ಲ, ನೀರು ಕುಡಿದು ಉಬ್ಬುತ್ತವೆ, ಕರಾಯಾ ಹೀಗೆ. ನಿಮಗೆ ಬೇಕಾದ ಕೆಲಸ ಯಾವುದು ಎಂದು ಗೊತ್ತಾದರೆ ಪಟ್ಟಿಯ ಅರ್ಧ ಹೆಸರು ತಾವಾಗಿ ಅಳಿಸಿಹೋಗುತ್ತವೆ. ಎಣ್ಣೆಯ ಹನಿಗಳನ್ನು ನೀರಿನಲ್ಲಿ ಹಿಡಿದಿಡಲು ಮೊದಲ ಬಗೆ, ಔಷಧವನ್ನು ತಡೆದು ಬಿಡಲು ಎರಡನೆಯದು, ಲೋಳೆಪೊರೆಗೆ ಅಂಟಿ ಕೂರಲು ಎರಡನೆಯ ಮತ್ತು ಮೂರನೆಯ ಬಗೆ.

ಎರಡನೆಯ ಅಳತೆ ವಿದ್ಯುದಾವೇಶ. ಗ್ವಾರ್, ಕ್ಯಾರಬ್, ಹುಣಸೆ ಬೀಜದ ಅಂಟು ಮುಂತಾದ ಬೀಜದ ಅಂಟುಗಳಿಗೆ ಆವೇಶವಿಲ್ಲ. ಹೊಟ್ಟೆಯ ಆಮ್ಲವಾಗಲಿ ಕರುಳಿನ ಕ್ಷಾರವಾಗಲಿ ಅವುಗಳ ದಪ್ಪವನ್ನು ಅಷ್ಟಾಗಿ ಬದಲಿಸುವುದಿಲ್ಲ. ಮರದಿಂದ ಒಸರುವ ಗೋಂದುಗಳಲ್ಲಿ ಯೂರಾನಿಕ್ ಆಮ್ಲಗಳು (ಸಕ್ಕರೆಯಿಂದಾದ ಆಮ್ಲಗಳು) ಇರುವುದರಿಂದ ಅವು ಋಣಾವೇಶದವು. ಧನಾವೇಶದ ಔಷಧದ ಜೊತೆ ಅವು ಕೂಡಿಕೊಳ್ಳಬಹುದು, ಪಿಎಚ್ ಬದಲಾದಂತೆ ಅವುಗಳ ನಡತೆಯೂ ಬದಲಾಗಬಹುದು. ಔಷಧದ ಅಣುವಿನಲ್ಲಿ ಅಮೈನ್ (ಧನಾವೇಶ ಪಡೆಯಬಲ್ಲ ಸಾರಜನಕದ ಗುಂಪು) ಇದೆಯೇ ಎಂದು ನೋಡದೆ ಗೋಂದು ಆಯ್ದುಕೊಳ್ಳಬೇಡಿ.

ಮೂರನೆಯದು, ದೇಹದ ಯಾವ ಭಾಗದಲ್ಲಿ ಅಂಟು ಒಡೆಯುತ್ತದೆ ಎಂಬುದು. ಮನುಷ್ಯನ ಜಠರ ಮತ್ತು ಸಣ್ಣ ಕರುಳಿನ ಕಿಣ್ವಗಳಿಗೆ ಈ ಸಕ್ಕರೆ ಸರಪಳಿಗಳನ್ನು ಕತ್ತರಿಸಲು ಬರುವುದಿಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಿಗೆ ಬರುತ್ತದೆ.

ನಾಲ್ಕನೆಯದು, ಒಂದು ಸಲದಿಂದ ಇನ್ನೊಂದು ಸಲಕ್ಕೆ ಅಂಟು ಎಷ್ಟು ಬದಲಾಗುತ್ತದೆ ಎಂಬುದು; ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಮರದ ಗೋಂದು ಮಳೆ, ಮರದ ವಯಸ್ಸು, ತೊಗಟೆಗೆ ಗಾಯ ಮಾಡಿದ ಕಾಲ, ಒಣಗಿಸಿದ ರೀತಿ, ಗೋದಾಮಿನ ತೇವ ಎಲ್ಲವನ್ನೂ ತನ್ನೊಳಗೆ ಇಟ್ಟುಕೊಂಡೇ ಬರುತ್ತದೆ. ಒಮ್ಮೆ ನನ್ನ ಕೆಲಸದ ನಡುವೆಯೇ ಅಂಟಿನ ಮೊದಲ ಡಬ್ಬಿ ಮುಗಿದು ಎರಡನೆಯ ಡಬ್ಬಿ ಬಂತು. ಹೆಸರು ಅದೇ, ಚೀಟಿ ಅದೇ, ಅದೇ ತೂಕ ಹಾಕಿ ಅದೇ ಒತ್ತಡದಲ್ಲಿ ಮಾತ್ರೆ ಒತ್ತಿದೆ. ಡಿಸಲ್ಯೂಷನ್ ಪರೀಕ್ಷೆಯಲ್ಲಿ (ಮಾತ್ರೆಯಿಂದ ಔಷಧ ದ್ರವಕ್ಕೆ ಎಷ್ಟು ಬೇಗ ಬರುತ್ತದೆ ಎಂದು ಅಳೆಯುವುದು) ಔಷಧ ಮೊದಲಿಗಿಂತ ಸ್ಪಷ್ಟವಾಗಿ ಬೇಗ ಹೊರಬಂತು. ಎರಡೂ ಡಬ್ಬಿಯ ಪುಡಿಗಳ ಶೇ 1ರ ದ್ರಾವಣ ಮಾಡಿ ಸ್ನಿಗ್ಧತೆ (ದ್ರವದ ದಪ್ಪ) ಅಳೆದಾಗ ಕಾರಣ ಗೊತ್ತಾಯಿತು; ಎರಡನೆಯದು ಬಹಳ ತೆಳುವಾಗಿತ್ತು. ಮೊದಲ ದಿನವೇ ಅಳೆದಿದ್ದರೆ ವಾರಗಳ ಕೆಲಸ ಉಳಿಯುತ್ತಿತ್ತು. ಅಂದಿನಿಂದ ಪ್ರತಿ ಡಬ್ಬಿ ತೆರೆದ ದಿನವೇ ಅದರ ಸ್ನಿಗ್ಧತೆಯನ್ನು ಬರೆದಿಡುತ್ತೇನೆ.

ಸೂಕ್ಷ್ಮಜೀವಿಗಳ ಪ್ರಶ್ನೆಯೂ ಇಲ್ಲಿಯೇ ಬರುತ್ತದೆ. ಸಕ್ಕರೆ ಸರಪಳಿ, ಅದಕ್ಕೆ ಅಂಟಿದ ತೇವ, ಬಯಲಿನಲ್ಲಿ ಸಂಗ್ರಹ: ಬೂಷ್ಟು, ಬ್ಯಾಕ್ಟೀರಿಯಾಗಳಿಗೆ ಇದಕ್ಕಿಂತ ಅನುಕೂಲ ಬೇಡ. ಇ. ಕೋಲೈ, ಸಾಲ್ಮೊನೆಲ್ಲಾ ಇರಕೂಡದು ಎಂದು ಔಷಧಕೋಶಗಳು (ಔಷಧಗಳ ಮಾನದಂಡ ಹೇಳುವ ಅಧಿಕೃತ ಗ್ರಂಥಗಳು) ಹೇಳುತ್ತವೆ. ಗಾಮಾ ಕಿರಣ ಹಾಯಿಸಿ ಶುದ್ಧ ಮಾಡಬಹುದು, ಆದರೆ ಆ ಕಿರಣವೇ ಅಂಟಿನ ಉದ್ದ ಸರಪಳಿಗಳನ್ನೂ ಕತ್ತರಿಸಿ ಸ್ನಿಗ್ಧತೆ ಇಳಿಸುತ್ತದೆ. ಶುದ್ಧಿಗಾಗಿ ದಪ್ಪವನ್ನು ಎಷ್ಟು ಬಿಟ್ಟುಕೊಡಬಹುದು ಎಂದು ನೀವೇ ತೀರ್ಮಾನಿಸಬೇಕು.

ಕೊನೆಯದು ಪೂರೈಕೆ ಮತ್ತು ದಾಖಲೆ. ಔಷಧಕೋಶದಲ್ಲಿ ಮಾನದಂಡ ಇರುವ ಅಂಟಾದರೆ ಅನುಮತಿಯ ದಾರಿ ಹತ್ತಿರ. ಇಲ್ಲದಿದ್ದರೆ ವಿಷತ್ವ ಪರೀಕ್ಷೆಯಿಂದ ಹಿಡಿದು ಎಲ್ಲವನ್ನೂ ನೀವೇ ಮಾಡಿ ತೋರಿಸಬೇಕು. "ಅಗ್ಗದ ಅಂಟು" ಎಂಬ ಲೆಕ್ಕದಲ್ಲಿ ಈ ಖರ್ಚನ್ನು ಬಹಳ ಜನ ಸೇರಿಸುವುದೇ ಇಲ್ಲ.

ಗ್ವಾರ್ ಗಮ್

ಗೋರಿಕಾಯಿ ಬೀಜದ ಒಳತಿರುಳಿನಿಂದ ಬರುವ ಅಂಟು ಇದು. ಮ್ಯಾನೋಸ್ ಸಕ್ಕರೆಯ ಉದ್ದ ಬೆನ್ನೆಲುಬು, ಅದಕ್ಕೆ ಅಲ್ಲಲ್ಲಿ ಗ್ಯಾಲಕ್ಟೋಸಿನ ಕವಲು; ಎರಡು ಮ್ಯಾನೋಸಿಗೆ ಸುಮಾರು ಒಂದು ಗ್ಯಾಲಕ್ಟೋಸ್. ಕವಲು ದಟ್ಟವಾಗಿರುವುದರಿಂದ ಸರಪಳಿಗಳು ಒಂದಕ್ಕೊಂದು ಒತ್ತಿಕೊಳ್ಳಲಾರವು, ನಡುವೆ ನೀರು ನುಗ್ಗುತ್ತದೆ, ಹಾಗಾಗಿ ತಣ್ಣೀರಿನಲ್ಲೇ ಕರಗುತ್ತದೆ. ಶೇ 1ರ ದ್ರಾವಣವೇ ಕೆಲವು ಸಾವಿರ ಸೆಂಟಿಪಾಯ್ಸ್ (ಸ್ನಿಗ್ಧತೆಯ ಅಳತೆಯ ಮಾನ) ದಪ್ಪವಾಗುತ್ತದೆ, ಆದರೆ ಪೂರ್ಣ ದಪ್ಪಕ್ಕೆ ಒಂದೆರಡು ಗಂಟೆ ಹಿಡಿಯುತ್ತದೆ. ಕಲಕಿದ ಕೂಡಲೇ ಅಳೆದು "ತೆಳುವಾಗಿದೆ" ಎಂದು ಇನ್ನಷ್ಟು ಸುರಿಯುವ ತಪ್ಪನ್ನು ಹೊಸಬರೆಲ್ಲರೂ ಮಾಡುತ್ತಾರೆ.

ನಿಧಾನ ಬಿಡುಗಡೆಯ ಮಾತ್ರೆಗೆ ನಾನು ಮೊದಲು ಕೈಹಾಕುವುದು ಗ್ವಾರ್‌ಗೇ. ಆವೇಶವಿಲ್ಲ, ಔಷಧಕೋಶದಲ್ಲಿ ಸ್ಥಾನವಿದೆ, ಸ್ನಿಗ್ಧತೆಯ ಬೇರೆ ಬೇರೆ ದರ್ಜೆಗಳಲ್ಲಿ ಸಿಗುತ್ತದೆ. ಪ್ರಮಾಣದ ಬಗ್ಗೆ ಮಾತ್ರ ಎಚ್ಚರ ಬೇಕು: ಕಡಿಮೆ ಹಾಕಿದರೆ ಇದೇ ಅಂಟು ನೀರು ಹೀರಿ ಉಬ್ಬಿ ಮಾತ್ರೆಯನ್ನು ಒಡೆದುಹಾಕುತ್ತದೆ, ಹೆಚ್ಚು ಹಾಕಿದರೆ ಲೋಳೆಯ ಗೋಡೆ ಕಟ್ಟಿ ತಡೆಯುತ್ತದೆ. ಬೀಕರಿನ ಗಂಟಿನಲ್ಲಿ ಕಂಡದ್ದು ಮಾತ್ರೆಯಲ್ಲಿ ಆಗಬೇಕಾದರೆ ಪುಡಿಯ ಕಣಗಳು ಒಂದಕ್ಕೊಂದು ತಾಗಿಕೊಂಡಿರುವಷ್ಟು ಅಂಟು ಬೇಕು. ಸಾಮಾನ್ಯವಾಗಿ ಮಾತ್ರೆಯ ತೂಕದ ಶೇ 20ರಿಂದ 40ರ ನಡುವೆ ಎಲ್ಲೋ ಆ ಗಡಿ ಸಿಗುತ್ತದೆ. ಔಷಧದ ಪ್ರಮಾಣವೇ 500 ಮಿಲಿಗ್ರಾಂ ಇದ್ದರೆ ಅಷ್ಟು ಅಂಟಿಗೆ ಜಾಗ ಎಲ್ಲಿ? ಮಾತ್ರೆ ನುಂಗಲಾಗದಷ್ಟು ದಪ್ಪವಾಗುತ್ತದೆ. ಹೆಚ್ಚು ಪ್ರಮಾಣದ, ನೀರಿನಲ್ಲಿ ಸುಲಭವಾಗಿ ಕರಗುವ ಔಷಧಕ್ಕೆ ಗ್ವಾರ್ ಒಂದನ್ನೇ ನಂಬಿ ಕೂರಬೇಡಿ.

ಗ್ವಾರ್‌ನ ದೊಡ್ಡ ಹಿರಿಮೆ ದೊಡ್ಡ ಕರುಳಿನ ಔಷಧಗಳಲ್ಲಿದೆ. ಕರುಳಿನ ಉರಿಯೂತಕ್ಕೆ ಕೊಡುವ ಔಷಧ ಮೇಲೆಯೇ ಹೀರಲ್ಪಟ್ಟರೆ ಕೆಳಗಿನ ಹುಣ್ಣಿಗೆ ಏನೂ ಮುಟ್ಟುವುದಿಲ್ಲ. ಗ್ವಾರ್ ಹೊದಿಕೆ ಜಠರವನ್ನೂ, ಮೂರು ನಾಲ್ಕು ಗಂಟೆಯ ಸಣ್ಣ ಕರುಳಿನ ಪಯಣವನ್ನೂ ದಾಟಿಸಿ, ಬ್ಯಾಕ್ಟೀರಿಯಾ ದಟ್ಟವಾಗಿರುವ ಜಾಗದಲ್ಲಿ ಒಡೆದುಕೊಳ್ಳುತ್ತದೆ. ಇಲ್ಲಿ ಔಷಧವನ್ನು ಅಂಟಿನೊಂದಿಗೆ ಬೆರೆಸಿ ಒತ್ತುವುದಕ್ಕಿಂತ, ಔಷಧದ ಪುಟ್ಟ ಮಾತ್ರೆಯ ಸುತ್ತ ಒಣ ಗ್ವಾರ್ ಪುಡಿಯನ್ನೇ ಕವಚವಾಗಿ ಒತ್ತುವ ವಿಧಾನ ಮೇಲು. ಬೆರೆಸಿದರೆ ಮೇಲ್ಮೈಯಲ್ಲಿರುವ ಔಷಧ ಹೇಗಿದ್ದರೂ ದಾರಿಯಲ್ಲೇ ಸೋರುತ್ತದೆ. ಆದರೆ ಈ ಉಪಾಯ ಪೂರ್ತಿ ರೋಗಿಯ ಬ್ಯಾಕ್ಟೀರಿಯಾಗಳನ್ನು ಅವಲಂಬಿಸಿದೆ; ಆಂಟಿಬಯೋಟಿಕ್ ತೆಗೆದುಕೊಳ್ಳುತ್ತಿರುವವರಲ್ಲಿ, ಭೇದಿಯಾಗುತ್ತಿರುವವರಲ್ಲಿ ಲೆಕ್ಕ ತಪ್ಪಬಹುದು. ಕರುಳಿನ ಕಾಯಿಲೆಯವರಲ್ಲಿ ಭೇದಿ ಸಾಮಾನ್ಯ ಎಂಬುದನ್ನು ನೆನಪಿಟ್ಟುಕೊಳ್ಳಿ.

ಗ್ವಾರ್‌ನ ಎರಡು ಕಹಿ ಪಾಠಗಳೂ ಇವೆ. 1990ರ ಸುಮಾರಿಗೆ ಅಮೆರಿಕದಲ್ಲಿ ಗ್ವಾರ್ ತುಂಬಿದ ತೂಕ ಇಳಿಸುವ ಮಾತ್ರೆಗಳು ಹೊಟ್ಟೆ ಸೇರುವ ಮೊದಲೇ ಅನ್ನನಾಳದಲ್ಲಿ ಉಬ್ಬಿ ಸಿಕ್ಕಿಕೊಂಡವು, ಅಲ್ಲಿನ ನಿಯಂತ್ರಣ ಸಂಸ್ಥೆ ಅವುಗಳ ಮಾರಾಟ ನಿಲ್ಲಿಸಿತು. ಉಬ್ಬುವ ಅಂಟಿನ ಯಾವ ಮಾತ್ರೆಗೂ "ಸಾಕಷ್ಟು ನೀರಿನೊಂದಿಗೆ ನುಂಗಿ" ಎಂಬ ಸೂಚನೆ ಕಡ್ಡಾಯ ಎಂದು ನಾನು ಹೇಳುವುದು ಇದಕ್ಕೇ. 2007ರಲ್ಲಿ ಭಾರತದಿಂದ ಯುರೋಪಿಗೆ ಹೋದ ಗ್ವಾರ್‌ನಲ್ಲಿ ಪೆಂಟಾಕ್ಲೋರೋಫಿನಾಲ್ ಮತ್ತು ಡಯಾಕ್ಸಿನ್ ಪತ್ತೆಯಾಯಿತು. ಬೀಜ ನೈಸರ್ಗಿಕವಾಗಿತ್ತು, ಆಮೇಲೆ ಸೇರಿದ್ದು ಅಲ್ಲ. ಬೆಲೆಯೂ ಸ್ಥಿರವಲ್ಲ. 2011–12ರಲ್ಲಿ ಶೇಲ್ ಅನಿಲದ ಬಾವಿಗಳಿಗೆ ಗ್ವಾರ್ ಬೇಡಿಕೆ ಏರಿದಾಗ ಬೆಲೆ ಹಲವು ಪಟ್ಟು ಹಾರಿತು. ಔಷಧದವರು ಕೊಳ್ಳುವುದು ಈ ಮಾರುಕಟ್ಟೆಯ ಒಂದು ಸಣ್ಣ ಪಾಲು, ದರ ನಿರ್ಧರಿಸುವವರು ಬೇರೆಯವರು.

ಗಮ್ ಅಕೇಶಿಯಾ

ಜಾಲಿಯ ಬಳಗಕ್ಕೆ ಸೇರಿದ ಅಕೇಶಿಯಾ ಸೆನೆಗಲ್ ಮರದ ಗೋಂದು. ಸುಡಾನ್ ಇದರ ಅತಿ ದೊಡ್ಡ ಉತ್ಪಾದಕ ದೇಶ. ಗ್ವಾರ್‌ಗೆ ಇದು ಪೂರ್ತಿ ಎದುರು ಸ್ವಭಾವದ್ದು. ಗ್ವಾರ್ ಶೇ 1ಕ್ಕೇ ಗಟ್ಟಿ ಲೋಳೆಯಾದರೆ ಅಕೇಶಿಯಾ ಶೇ 30 ಹಾಕಿದರೂ ಸುರಿಯುವಂತಿರುತ್ತದೆ. ಅದರ ಸರಪಳಿಗಳು ಉದ್ದಕ್ಕೆ ಚಾಚಿಕೊಳ್ಳದೆ ಕವಲೊಡೆದು ಉಂಡೆಯಾಗಿ ಮುದುಡಿಕೊಂಡಿರುವುದೇ ಕಾರಣ.

ಹಾಗಾದರೆ ಏನು ಪ್ರಯೋಜನ? ಈ ಗೋಂದಿನಲ್ಲಿ ಸುಮಾರು ಶೇ 2ರಷ್ಟು ಪ್ರೋಟೀನ್ ಇದೆ. ಆ ಪ್ರೋಟೀನ್ ಎಣ್ಣೆಯ ಹನಿಗೆ ಕಚ್ಚಿಕೊಳ್ಳುತ್ತದೆ, ಅದಕ್ಕೆ ಅಂಟಿದ ಸಕ್ಕರೆಯ ಉಂಡೆಗಳು ನೀರಿನ ಕಡೆಗೆ ಮುಖ ಮಾಡುತ್ತವೆ, ಹನಿಗಳು ಒಂದಕ್ಕೊಂದು ಸೇರದಂತೆ ತಡೆಯುತ್ತವೆ. ಎಣ್ಣೆ ನಾಲ್ಕು ಪಾಲು, ನೀರು ಎರಡು ಪಾಲು, ಗೋಂದು ಒಂದು ಪಾಲು ಎಂಬ ಖಲ್ವದ ಲೆಕ್ಕವನ್ನು ಫಾರ್ಮಸಿ ಓದಿದವರು ಮರೆಯಲಾರರು; ಖಲ್ವದಲ್ಲಿ ಅರೆಯುತ್ತಿದ್ದಂತೆ ಮಿಶ್ರಣ ಬೆಳ್ಳಗಾಗಿ, ಚಟಚಟ ಸದ್ದು ಬಂದರೆ ಎಮಲ್ಷನ್ ಹುಟ್ಟಿತು ಎಂದರ್ಥ. ಸೂಕ್ಷ್ಮ ಕ್ಯಾಪ್ಸೂಲ್‌ಗಳಿಗೂ ಇದು ಹಳೆಯ ಸಂಗಾತಿ. ಆಮ್ಲೀಯ ದ್ರಾವಣದಲ್ಲಿ ಜೆಲಾಟಿನ್ ಧನಾವೇಶ ಪಡೆಯುತ್ತದೆ, ಗೋಂದು ಋಣಾವೇಶದಲ್ಲೇ ಇರುತ್ತದೆ, ಎರಡೂ ಸೇರಿ ಎಣ್ಣೆಯ ಹನಿಯ ಸುತ್ತ ಪೊರೆ ಕಟ್ಟುತ್ತವೆ. ಕಾರ್ಬನ್ ಇಲ್ಲದೆ ನಕಲು ಮೂಡಿಸುವ ಕಾಗದ 1950ರ ದಶಕದಲ್ಲಿ ಬಂದದ್ದು ಇದೇ ತಂತ್ರದಿಂದ.

ನಿಧಾನ ಬಿಡುಗಡೆಗೆ ಮಾತ್ರ ಇದನ್ನು ಆಯ್ದುಕೊಳ್ಳಬೇಡಿ. ಲೋಳೆಯ ಗೋಡೆ ನಿಲ್ಲುವುದಿಲ್ಲ. ಮಾತ್ರೆಯ ಪುಡಿಯನ್ನು ಹರಳು ಕಟ್ಟಲು ಬೈಂಡರ್ (ಕಣಗಳನ್ನು ಬೆಸೆಯುವ ವಸ್ತು) ಆಗಿ ಒಳ್ಳೆಯದು, ಆದರೆ ಅಂಥ ಮಾತ್ರೆಗಳು ದಿನ ಕಳೆದಂತೆ ಗಟ್ಟಿಯಾಗಿ ಕರಗಲು ತಡಮಾಡುತ್ತವೆ. ಇನ್ನೊಂದು ಅಡಗಿದ ತೊಂದರೆ: ಗೋಂದಿನಲ್ಲಿ ಆಕ್ಸಿಡೇಸ್ ಕಿಣ್ವಗಳು ಉಳಿದಿರುತ್ತವೆ. ಅವು ಮಾರ್ಫಿನ್, ಫಿನಾಲ್‌ಗಳು, ಟ್ಯಾನಿನ್‌ನಂಥವುಗಳನ್ನು ಕೆಡಿಸಬಲ್ಲವು. ಗೋಂದಿನ ದ್ರಾವಣವನ್ನು ಸ್ವಲ್ಪ ಹೊತ್ತು 100 ಡಿಗ್ರಿಯಲ್ಲಿ ಬಿಸಿ ಮಾಡಿದರೆ ಕಿಣ್ವ ಸಾಯುತ್ತದೆ. ಔಷಧದ ಬಣ್ಣ ತಿರುಗಿದರೆ ಬೆಳಕು, ಗಾಳಿಯ ಮೇಲೆ ತಪ್ಪು ಹೊರಿಸುವ ಮೊದಲು ಈ ಕಿಣ್ವವನ್ನು ನೆನಪಿಸಿಕೊಳ್ಳಿ.

ಮೊದಲ ಮಹಾಯುದ್ಧದಲ್ಲಿ ರಕ್ತ ಕಳೆದುಕೊಂಡ ಸೈನಿಕರ ನರಕ್ಕೆ ಉಪ್ಪುನೀರಿನಲ್ಲಿ ಕರಗಿಸಿದ ಅಕೇಶಿಯಾವನ್ನು ಕೊಡುತ್ತಿದ್ದರು. ಬ್ರಿಟಿಷ್ ಶರೀರಶಾಸ್ತ್ರಜ್ಞ ವಿಲಿಯಂ ಬೇಲಿಸ್ ಅದರ ಹಿಂದಿದ್ದರು. ಆಮೇಲೆ ಗೋಂದು ಯಕೃತ್ತಿನಲ್ಲಿ ಉಳಿದುಕೊಳ್ಳುವುದು ಕಂಡುಬಂದು ಆ ಪದ್ಧತಿ ನಿಂತಿತು. ಬಾಯಿಯಿಂದ ನಿರಪಾಯ ಎಂದ ಮಾತ್ರಕ್ಕೆ ಚುಚ್ಚುಮದ್ದಿಗೂ ನಿರಪಾಯವಲ್ಲ. ಈ ಲೇಖನದ ಎಲ್ಲ ಅಂಟುಗಳಿಗೂ ಅದು ಅನ್ವಯಿಸುತ್ತದೆ.

ಕರಾಯಾ, ಟ್ರಗಕಾಂತ್, ದಿಂಡಿಗ

ಕರಾಯಾ ಸ್ಟರ್ಕ್ಯುಲಿಯಾ ಯುರೆನ್ಸ್ ಮರದ ಗೋಂದು. ಹಳೆಯ ಡಬ್ಬಿಯ ಮುಚ್ಚಳ ತೆರೆದರೆ ವಿನಿಗರ್ ವಾಸನೆ ಮೂಗಿಗೆ ಹೊಡೆಯುತ್ತದೆ. ಸರಪಳಿಗೆ ಅಂಟಿಕೊಂಡಿರುವ ಅಸಿಟೈಲ್ ಗುಂಪುಗಳು ಕಳಚಿ ಅಸಿಟಿಕ್ ಆಮ್ಲವಾಗುತ್ತಿರುತ್ತವೆ. ನೀರಿನಲ್ಲಿ ಕರಗದೆ ತನ್ನ ಗಾತ್ರದ ಹತ್ತಾರು ಪಟ್ಟು ಉಬ್ಬುತ್ತದೆ, ಒದ್ದೆ ಚರ್ಮಕ್ಕೂ ಲೋಳೆಪೊರೆಗೂ ಬಲವಾಗಿ ಅಂಟುತ್ತದೆ. ಹಲ್ಲಿನ ಸೆಟ್ ಹಿಡಿದಿಡುವ ಪುಡಿಯಲ್ಲಿ, ಕರುಳಿನ ಶಸ್ತ್ರಚಿಕಿತ್ಸೆಯ ನಂತರ ಹೊಟ್ಟೆಗೆ ಚೀಲ ಅಂಟಿಸುವ ಉಂಗುರದಲ್ಲಿ ಇದನ್ನು ಬಳಸಿದ್ದು ಈ ಗುಣಕ್ಕೇ. ಕೆನ್ನೆಯ ಒಳಗೆ ಅಂಟಿಸುವ ಮಾತ್ರೆ ನಿಮ್ಮ ಗುರಿಯಾದರೆ ಕರಾಯಾವನ್ನು ಪಟ್ಟಿಯ ಮೇಲ್ತುದಿಗೆ ಹಾಕಿ. ಆಮ್ಲಕ್ಕೆ ಕೆಡುವ ಔಷಧವಾದರೆ ಕೆಳಗೆ ಹಾಕಿ. ನುಣ್ಣಗೆ ಪುಡಿ ಮಾಡಿ ಸೆಕೆಯ, ತೇವದ ಜಾಗದಲ್ಲಿ ಇಟ್ಟರೆ ಉಬ್ಬುವ ಶಕ್ತಿ ಬೇಗ ಕುಂದುತ್ತದೆ. ಹಾಗಾಗಿ ವರ್ಷಗಟ್ಟಲೆ ದಾಸ್ತಾನು ಇಡುವವರಿಗೆ ಇದು ಹೇಳಿದ್ದಲ್ಲ.

ಟ್ರಗಕಾಂತ್ ಇರಾನ್ ಮತ್ತು ಸುತ್ತಲಿನ ಪ್ರದೇಶದ ಆಸ್ಟ್ರಗ್ಯಾಲಸ್ ಪೊದೆಗಳಿಂದ ಬರುತ್ತದೆ. ಒಂದು ಭಾಗ ಕರಗುತ್ತದೆ, ಇನ್ನೊಂದು ಭಾಗ ಉಬ್ಬುತ್ತದೆ. ಎರಡೂ ಸೇರಿ, ಕರಗದ ಔಷಧದ ಕಣಗಳು ತಳಕ್ಕೆ ಕೂರದಂತೆ ತೇಲಿಸಿಡುತ್ತವೆ. ಆಮ್ಲಕ್ಕೆ ಚೆನ್ನಾಗಿ ತಡೆದುಕೊಳ್ಳುತ್ತದೆ. ಸಸ್ಪೆನ್ಷನ್‌ಗೆ ನನಗೆ ಇದರಷ್ಟು ಹಿಡಿಸಿದ ಅಂಟು ಬೇರೆ ಇಲ್ಲ, ಆದರೆ ಕೈಯಿಂದ ಬಿಡಿಸಿ ತರುವ ಈ ಗೋಂದು ದುಬಾರಿ. ಖರ್ಚು ಹಿಡಿತದಲ್ಲಿರಬೇಕೆಂದರೆ ಅಕೇಶಿಯಾ, ಪಿಷ್ಟ, ಸಕ್ಕರೆಯೊಂದಿಗೆ ಬೆರೆಸಿದ ಹಳೆಯ ಸಂಯುಕ್ತ ಪುಡಿಯ ದಾರಿ ಇದೆ.

ದಿಂಡಿಗ ಮರದ ಗೋಂದಿಗೆ ವ್ಯಾಪಾರದಲ್ಲಿ ಘಟ್ಟಿ ಎಂಬ ಹೆಸರು. ಘಟ್ಟಗಳನ್ನು ದಾಟಿ ಬರುತ್ತಿದ್ದುದರಿಂದ ಬಂದದ್ದು. ದಪ್ಪದಲ್ಲಿ ಅಕೇಶಿಯಾ ಮತ್ತು ಕರಾಯಾಗಳ ನಡುವೆ ನಿಲ್ಲುತ್ತದೆ, ಎಮಲ್ಷನ್‌ಗೆ ಅಕೇಶಿಯಾಕ್ಕಿಂತ ಕಡಿಮೆ ಪ್ರಮಾಣ ಸಾಕು. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಯುದ್ಧ ಶುರುವಾಗಿ ಅಕೇಶಿಯಾ ಪೂರೈಕೆಗೆ ಧಕ್ಕೆ ಬಂದ ಮೇಲೆ ಇದರತ್ತ ನೋಡುವುದು ಬುದ್ಧಿವಂತಿಕೆ. ಆದರೆ ಪೂರ್ತಿ ಬದಲಿ ಎಂದು ನಂಬುವ ಮೊದಲು ನಿಮ್ಮದೇ ಎಣ್ಣೆಯೊಂದಿಗೆ ಪರೀಕ್ಷಿಸಿ. ಎಲ್ಲ ಕಣಗಳೂ ಕರಗುವುದಿಲ್ಲ, ಸೋಸಬೇಕಾಗುತ್ತದೆ.

ಕ್ಯಾರಬ್ ಬೀಜದ ಅಂಟು

ಗ್ವಾರ್‌ನ ದಾಯಾದಿ. ಮೆಡಿಟರೇನಿಯನ್ ತೀರದ ಮರ. ಚಿನ್ನ, ವಜ್ರ ಅಳೆಯುವ ಕ್ಯಾರಟ್ ಎಂಬ ಮಾತು ಇದರ ಬೀಜದಿಂದಲೇ ಹುಟ್ಟಿದ್ದು. ಇದರಲ್ಲಿ ನಾಲ್ಕು ಮ್ಯಾನೋಸಿಗೆ ಸುಮಾರು ಒಂದೇ ಗ್ಯಾಲಕ್ಟೋಸ್. ಕವಲು ವಿರಳವಾದ್ದರಿಂದ ಸರಪಳಿಗಳು ಬೋಳು ಜಾಗಗಳಲ್ಲಿ ಒಂದಕ್ಕೊಂದು ಅಂಟಿಕೊಂಡು ನೀರನ್ನು ಒಳಬಿಡುವುದಿಲ್ಲ, 80 ಡಿಗ್ರಿ ಬಿಸಿ ಮಾಡಿದರಷ್ಟೇ ಪೂರ್ತಿ ಕರಗುತ್ತದೆ. ಬಿಸಿಗೆ ಕೆಡುವ ಔಷಧವನ್ನು ದ್ರಾವಣದಲ್ಲಿ ಬೆರೆಸುವವರಿಗೆ ಇದು ಅಡ್ಡಿ.

ಅದೇ ಬೋಳು ಜಾಗಗಳು ಇನ್ನೊಂದು ಅಂಟಿನೊಂದಿಗೆ ಹೆಣೆದುಕೊಳ್ಳಲು ಅನುಕೂಲವಾಗುತ್ತವೆ. ಬ್ಯಾಕ್ಟೀರಿಯಾದಿಂದ ಬರುವ ಕ್ಸಾಂಥನ್ ಒಂಟಿಯಾಗಿ ಗಟ್ಟಿಯಾಗುವುದಿಲ್ಲ, ಕ್ಯಾರಬ್ ಅಂಟೂ ಒಂಟಿಯಾಗಿ ಗಟ್ಟಿಯಾಗುವುದಿಲ್ಲ, ಎರಡನ್ನೂ ಬೆರೆಸಿದರೆ ಬೀಕರ್ ಬೋರಲು ಹಾಕಿದರೂ ಬೀಳದ ಜೆಲ್ ಆಗುತ್ತದೆ. ಟೈಮರ್‌ಎಕ್ಸ್ ಎಂಬ ತಂತ್ರ ಈ ಜೋಡಿಯ ಮೇಲೆಯೇ ನಿಂತು, ಮಾರುಕಟ್ಟೆಯ ನಿಧಾನ ಬಿಡುಗಡೆ ಮಾತ್ರೆಗಳವರೆಗೂ ಹೋಯಿತು. ಸುಲಭವಾಗಿ ಕರಗುವ ಔಷಧವನ್ನು ಗ್ವಾರ್ ತಡೆಯಲಾರದೆ ಸೋತ ಕಡೆ ನಾನು ಮುಂದೆ ನೋಡುವುದು ಈ ಜೋಡಿಯನ್ನು.

ಹುಣಸೆ ಬೀಜದ ಅಂಟು

ಇಲ್ಲಿ ಒಂದು ಗೊಂದಲವನ್ನು ಮೊದಲು ತೊಳೆಯಬೇಕು. ಬೀಜದ ಸಿಪ್ಪೆ ತೆಗೆದು ತಿರುಳನ್ನು ಪುಡಿ ಮಾಡಿದ್ದು ಒಂದು. ಬಟ್ಟೆ ಗಿರಣಿಗಳು ನೂಲಿಗೆ ಗಂಜಿ ಹಾಕಲು ಬಳಸುವುದು ಅದನ್ನೇ. ಆ ಪುಡಿಯಿಂದ ಪ್ರೋಟೀನ್, ಎಣ್ಣೆಗಳನ್ನು ಬೇರ್ಪಡಿಸಿ ತೆಗೆದ ಕ್ಸೈಲೋಗ್ಲೂಕಾನ್ ಎಂಬ ಶುದ್ಧ ಸಕ್ಕರೆ ಸರಪಳಿ ಇನ್ನೊಂದು. ಪ್ರಬಂಧಗಳಲ್ಲಿ ಎರಡಕ್ಕೂ ಒಂದೇ ಹೆಸರು ಹಾಕಿರುವುದನ್ನು ನೋಡಿ ಬೇಸರಪಟ್ಟಿದ್ದೇನೆ. ಪುಡಿಯಿಂದ ಬಂದ ಫಲಿತಾಂಶವನ್ನು ಶುದ್ಧ ಅಂಟಿನಿಂದ ನಿರೀಕ್ಷಿಸಿದರೆ ನಿರಾಶೆ ಖಚಿತ.

ಶುದ್ಧ ಅಂಟಿನ ರಚನೆ ನಮ್ಮ ಲೋಳೆಪೊರೆಯ ಮ್ಯೂಸಿನ್ ಪ್ರೋಟೀನಿನ ಕವಲುಗಳನ್ನು ಹೋಲುತ್ತದೆ. ಕಣ್ಣಿನ ಮೇಲ್ಮೈಯಲ್ಲಿ ಅದು ಹೆಚ್ಚು ಹೊತ್ತು ಉಳಿಯುವುದರಿಂದ ಒಣಕಣ್ಣಿನ ಹನಿಗಳಲ್ಲಿ ಸೇರಿದೆ. ಕಣ್ಣಿಗೆ ಹಾಕಿದ ಔಷಧದ ಬಹುಪಾಲು ರೆಪ್ಪೆ ಮಿಟುಕಿಸುವಷ್ಟರಲ್ಲಿ ಕಣ್ಣೀರಿನೊಂದಿಗೆ ಹರಿದುಹೋಗುತ್ತದೆ ಎಂಬುದನ್ನು ನೆನೆದರೆ ಈ ಗುಣದ ಬೆಲೆ ತಿಳಿಯುತ್ತದೆ. ಕಿಣ್ವದಿಂದ ಗ್ಯಾಲಕ್ಟೋಸ್ ಕವಲುಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಭಾಗವನ್ನು ಕಿತ್ತರೆ ಇನ್ನೊಂದು ಅಚ್ಚರಿ: ತಣ್ಣಗಿದ್ದಾಗ ದ್ರವ, ದೇಹದ ಬಿಸಿ ತಾಗಿದೊಡನೆ ಜೆಲ್. ಹನಿಯಾಗಿ ಹಾಕಿ ಒಳಗೆ ಜೆಲ್ ಆಗಿಸುವ ಔಷಧಗಳಿಗೆ ಇದು ದಾರಿ ತೆರೆಯುತ್ತದೆ, ಆದರೆ ಕಿಣ್ವದ ಖರ್ಚು ಮತ್ತು ಪ್ರತಿ ಸಲ ಅಷ್ಟೇ ಕೀಳುವ ಶಿಸ್ತು ಎರಡೂ ಬೇಕು. ಕಣ್ಣಿನ ಔಷಧ ಸೂಕ್ಷ್ಮಜೀವಿ ಮುಕ್ತವಾಗಿರಲೇಬೇಕು ಎಂಬುದೂ ಸೇರಿದರೆ, ಅಗ್ಗದ ಬೀಜದಿಂದ ಹೊರಟರೂ ಕೊನೆಗೆ ತಲುಪುವುದು ದುಬಾರಿ ಜಾಗಕ್ಕೆ.

ಯಾರೂ ಮುಟ್ಟದ ಮರದ ಗೋಂದು

ಬೇವು, ನುಗ್ಗೆ, ಗೇರು ಮರಗಳ ಗೋಂದು, ಬೆಂಡೆಕಾಯಿಯ ಲೋಳೆ: ವಿದ್ಯಾರ್ಥಿಗಳ ಪಟ್ಟಿಯಲ್ಲಿ ಇವು ಕಡ್ಡಾಯ. ಹೊಸ ಅಂಟಾದರೆ ಪ್ರಬಂಧ ಹೊಸದಾಗುತ್ತದೆ ಎಂಬ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಅಂಟಿನ ಶುದ್ಧೀಕರಣ, ಸಕ್ಕರೆಗಳ ವಿಶ್ಲೇಷಣೆ, ಅಣುತೂಕ, ಮೂರು ಬೇರೆ ಬೇರೆ ಸಂಗ್ರಹಗಳ ಹೋಲಿಕೆ ಇಷ್ಟು ಮಾಡುವಷ್ಟು ಸಮಯ ಇದ್ದರೆ ಮಾತ್ರ ಆ ದಾರಿ ಹಿಡಿಯಿರಿ. ಒಂದೇ ಮರದ ಒಂದೇ ಸಲದ ಗೋಂದಿನಿಂದ ಒಂಬತ್ತು ಬಗೆಯ ಮಾತ್ರೆ ಒತ್ತಿ ಬರೆದ ಪ್ರಬಂಧದಿಂದ ಮುಂದಿನವರಿಗೆ ಏನೂ ದಕ್ಕುವುದಿಲ್ಲ. ಆರು ತಿಂಗಳಷ್ಟೇ ಕೈಯಲ್ಲಿದ್ದರೆ ಗ್ವಾರ್ ಮೇಲೆ ಆಳವಾಗಿ ಕೆಲಸ ಮಾಡಿ.

ಎಚ್‌ಪಿಎಂಸಿ ಇರುವಾಗ ಇವೆಲ್ಲ ಏಕೆ?

ಇದು ನ್ಯಾಯವಾದ ಪ್ರಶ್ನೆ. ಮರದ ತಿರುಳಿನ ಸೆಲ್ಯುಲೋಸನ್ನು ಕಾರ್ಖಾನೆಯಲ್ಲಿ ಬದಲಿಸಿ ಮಾಡಿದ ಹೈಡ್ರಾಕ್ಸಿಪ್ರೊಪೈಲ್ ಮೀಥೈಲ್ ಸೆಲ್ಯುಲೋಸ್, ಅಂದರೆ ಎಚ್‌ಪಿಎಂಸಿ ನಿಧಾನ ಬಿಡುಗಡೆಯಲ್ಲಿ ಎಲ್ಲರೂ ನಂಬುವ ಹೆಸರು. ಕೆ4ಎಂ ದರ್ಜೆ ಎಂದರೆ ಶೇ 2ರ ದ್ರಾವಣದಲ್ಲಿ ಸುಮಾರು 4,000 ಸೆಂಟಿಪಾಯ್ಸ್, ಕೆ100ಎಂ ಎಂದರೆ ಸುಮಾರು 1,00,000. ಹೆಸರಿನಲ್ಲೇ ಅಳತೆ ಇದೆ, ಡಬ್ಬಿಯಿಂದ ಡಬ್ಬಿಗೆ ವ್ಯತ್ಯಾಸ ಕಡಿಮೆ. ಔಷಧದ ಪ್ರಮಾಣ ಸ್ವಲ್ಪ ಏರುಪೇರಾದರೂ ರೋಗಿಗೆ ಅಪಾಯವಾಗುವಂತಿದ್ದರೆ ನಾನು ಅಂಟನ್ನು ಬಿಟ್ಟು ಎಚ್‌ಪಿಎಂಸಿಗೇ ಹೋಗುತ್ತೇನೆ. ಅಲ್ಲಿ ಸಸ್ಯಮೂಲದ ಮೇಲಿನ ಪ್ರೀತಿಗೆ ಜಾಗವಿಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಿಂದ ಬಾಗಿಲು ತೆರೆಸಬೇಕಾದ ಕಡೆ ಮಾತ್ರ ಎಚ್‌ಪಿಎಂಸಿ ಸೋಲುತ್ತದೆ, ಅವು ಅದನ್ನು ಒಡೆಯುವುದಿಲ್ಲ. ಎಣ್ಣೆಯ ಹನಿ ಹಿಡಿಯುವಲ್ಲಿ ಅಕೇಶಿಯಾಕ್ಕೂ, ಕೆನ್ನೆಗೆ ಅಂಟುವಲ್ಲಿ ಕರಾಯಾಕ್ಕೂ ತಮ್ಮದೇ ಜಾಗವಿದೆ.

ನಿಮ್ಮ ಕೆಲಸಕ್ಕೆ ಯಾವುದು

ಮಕ್ಕಳಿಗೆ ಕುಡಿಸುವ ಸಸ್ಪೆನ್ಷನ್, ಕೈಯಲ್ಲಿ ಹಣ ಕಡಿಮೆ: ಗ್ವಾರ್ ಸಾಕು, ಗಂಟು ಕಟ್ಟದಂತೆ ಸಕ್ಕರೆ ಪುಡಿಯೊಂದಿಗೆ ಒಣದಾಗಿ ಬೆರೆಸಿ ಆಮೇಲೆ ನೀರಿಗೆ ಹಾಕಿ, ಸಂರಕ್ಷಕ ಮರೆಯಬೇಡಿ. ಸೂತ್ರ ತೀರ ಆಮ್ಲೀಯವಾಗಿದ್ದು ವರ್ಷಗಟ್ಟಲೆ ಉಳಿಯಬೇಕಾದರೆ ಟ್ರಗಕಾಂತ್‌ಗೆ ಹಣ ಹಾಕಿ. ಎಣ್ಣೆಯ ಔಷಧವಾದರೆ ಅಕೇಶಿಯಾ, ಸಿಗದಿದ್ದರೆ ದಿಂಡಿಗ. ಕಡಿಮೆ ಕರಗುವ, ಕಡಿಮೆ ಪ್ರಮಾಣದ ಔಷಧವನ್ನು ದಿನಕ್ಕೊಮ್ಮೆ ಕೊಡಬೇಕಾದರೆ ಗ್ವಾರ್. ಸುಲಭವಾಗಿ ಕರಗುವಂಥದ್ದಾದರೆ ಕ್ಯಾರಬ್–ಕ್ಸಾಂಥನ್ ಜೋಡಿ. ದೊಡ್ಡ ಕರುಳಿಗೆ ಗ್ವಾರ್ ಕವಚ, ಕೆನ್ನೆಯೊಳಗೆ ಕರಾಯಾ, ಕಣ್ಣಿಗೆ ಹುಣಸೆಯ ಶುದ್ಧ ಅಂಟು. ಅಂಟನ್ನು ರಾಸಾಯನಿಕವಾಗಿ ಬದಲಿಸಿ ಗುಣ ಹೆಚ್ಚಿಸುವ ದಾರಿಗಳೂ ಇವೆ, ಆದರೆ ಗ್ಲುಟರಾಲ್ಡಿಹೈಡ್‌ನಂಥ ವಿಷಕಾರಿ ವಸ್ತುವಿನಿಂದ ಸರಪಳಿ ಹೆಣೆದ ಮೇಲೆ "ನೈಸರ್ಗಿಕ" ಎಂಬ ಚೀಟಿಯನ್ನು ಹಾಗೆಯೇ ಉಳಿಸಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಅಂಟಿನಲ್ಲಿ ಉಳಿದುಕೊಂಡ ಆ ವಿಷಕಾರಿ ವಸ್ತುವಿನ ಪ್ರಮಾಣವನ್ನು ಅಳೆದು ತೋರಿಸಿ.

ಎರಡು ಹೆಸರುಗಳ ನಡುವೆ ಇನ್ನೂ ತೂಗಾಡುತ್ತಿದ್ದರೆ ಒಂದು ವಾರದ ಕೆಲಸ ಹೇಳುತ್ತೇನೆ. ಪ್ರತಿ ಅಂಟಿನದೂ ಮೂರು ಬೇರೆ ಬೇರೆ ತಂಡದ (ಬ್ಯಾಚ್) ಮಾದರಿ ತರಿಸಿ ಶೇ 1ರ ದ್ರಾವಣದ ಸ್ನಿಗ್ಧತೆ ಬರೆದಿಡಿ. ಆಮೇಲೆ ನಿಮ್ಮ ಔಷಧದೊಂದಿಗೆ ಮಾತ್ರೆ ಒತ್ತಿ, ಎರಡು ಗಂಟೆ 0.1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ, ಉಳಿದ ಹೊತ್ತು ಪಿಎಚ್ 6.8ರಲ್ಲಿ ಇಡಿ. ಬಿಡುಗಡೆಯ ಮೊದಲ ಶೇ 60ರ ಭಾಗವನ್ನು ಪೆಪ್ಪಾಸ್ ಸಮೀಕರಣಕ್ಕೆ (ಹೊರಬಂದ ಔಷಧದ ಪಾಲು ಕಾಲದ ಯಾವ ಘಾತಕ್ಕೆ ತಕ್ಕಂತೆ ಏರುತ್ತದೆ ಎಂದು ಹೇಳುವ ಸೂತ್ರ) ಹಾಕಿ. ಸಿಲಿಂಡರ್ ಆಕಾರದ ಮಾತ್ರೆಯಲ್ಲಿ ಘಾತಾಂಕ 0.45ರ ಹತ್ತಿರವಿದ್ದರೆ ಔಷಧ ಲೋಳೆಯ ಮೂಲಕ ಹರಡಿ ಬರುತ್ತಿದೆ, 0.89ರ ಹತ್ತಿರವಿದ್ದರೆ ಅಂಟಿನ ಉಬ್ಬುವಿಕೆ, ಸವೆತಗಳೇ ವೇಗ ನಿರ್ಧರಿಸುತ್ತಿವೆ. ಅದರ ಜೊತೆಗೆ ಗಂಟೆಗೊಂದು ಮಾತ್ರೆಯನ್ನು ಹೊರತೆಗೆದು ಬ್ಲೇಡಿನಿಂದ ಸೀಳಿ, ಒಣ ತಿರುಳಿನ ಅಗಲವನ್ನು ಸ್ಕೇಲಿನಿಂದ ಅಳೆಯಿರಿ. ಮೂರೂ ತಂಡದ ಮಾತ್ರೆಗಳಲ್ಲಿ ಆ ಬಿಳಿ ಚುಕ್ಕೆ ಒಂದೇ ಹೊತ್ತಿಗೆ ಮಾಯವಾಗುವ ಅಂಟನ್ನು ತೆಗೆದುಕೊಳ್ಳಿ.